ಬಟ್ಟೆ ಒಣಹಾಕದ ತಂತಿ

ಮೂವತ್ತು ವರ್ಷ ಕಂಬ ಹತ್ತಿ ಇಳಿದ ಲೈನ್‌ಮ್ಯಾನ್ ನಿವೃತ್ತನಾದರೂ ಕತ್ತನ್ನು ಮಾತ್ರ ಕೆಳಗಿಳಿಸಲಿಲ್ಲ, ಈಗ ತಂತಿಯ ಬದಲು ಅದರ ಮೇಲೆ ಕೂರುವ ಹಕ್ಕಿ ನೋಡುತ್ತಾನೆ ಎಂಬುದು ಅವನ ಹೆಂಡತಿಯ ದೂರು. ಚಳಿಗಾಲ ಬಂತೆಂದರೆ ಹಿತ್ತಲು ಅವನದೇ. ಹಕ್ಕಿಗಳು ಎದ್ದು ಹೋಗುವವರೆಗೆ ಕುಕ್ಕರ್ ಕೂಗಬಾರದು, ಬಟ್ಟೆಯ ತಂತಿಗೆ ಬಟ್ಟೆ ಬೀಳಬಾರದು. ಅವಳು ಸೀನಿದರೂ "ಮೆಲ್ಲಗೆ ಸೀನೇ" ಎನ್ನುವ ಭೂಪ. "ನನ್ನ ಸೀರೆ ಬಣ್ಣ ಗೊತ್ತಿಲ್ಲ, ಆ ಹಕ್ಕಿ ಹೊಟ್ಟೆ ಬಣ್ಣ ಮಾತ್ರ ಬಾಯಿಪಾಠ" ಎಂದು ಅವಳು ಗೊಣಗಿದರೆ "ಹಳದಿ ಕಣೇ" ಎನ್ನುತ್ತಾನೆ, ಯಾವುದರದ್ದೆಂದು ಹೇಳುವುದಿಲ್ಲ. ದಿನಕ್ಕೊಂದು ಪುಟದಂತೆ ಹಕ್ಕಿಗಳನ್ನು ಬರೆದಿಡುವ ಅವನ ನೋಟ್‌ಬುಕ್ಕನ್ನು, ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಿಂತು ಸಾಕಾದ ಅವಳು, ಇವತ್ತು ನೀರೊಲೆಗೆ ಹಾಕಿಯೇ ಬಿಡುತ್ತೇನೆಂದು ಕಿತ್ತುಕೊಂಡಳು. ತೆರೆದುಕೊಂಡದ್ದು ಹೋದ ಚಳಿಗಾಲದ ಪುಟ, ಅವಳು ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ. ತಿರುವಿದಳು. ಒಂಬತ್ತೂ ಪುಟದಲ್ಲಿ ಒಂದೇ ಸಾಲು: "ಬಂದಿರಬಹುದು, ನೋಡಲಿಲ್ಲ." ಅವಳು ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟು, ಬಕೆಟ್ಟನ್ನು ಸದ್ದಾಗದ ಹಾಗೆ ನೆಲಕ್ಕಿಳಿಸಿ, ಪಿಸುದನಿಯಲ್ಲಿ ಕೇಳಿದಳು: "ಇನ್ನೂ ಎಷ್ಟು ಹೊತ್ತು ಕೂರ್ತವಂತೆ ರೀ, ನಿಮ್ಮ ನೆಂಟರು?"