ಅಕ್ಕನ ಮುಂಗೈಯ ದೀಪ

ಶಕುನ, ಹಣೆಬರಹ ಎಂದರೆ ನಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಮೊದಲಿನ ಹಾಗೆ ನಗಲು ಆಗುವುದಿಲ್ಲ, ಅಷ್ಟೆ. ನೆನಪು ತನಗೆ ಬೇಕಾದ ಕಡೆ ತೇಪೆ ಹಾಕಿಕೊಳ್ಳುತ್ತದೆ. ಅಷ್ಟು ಅನುಮಾನ ಇಟ್ಟುಕೊಂಡೇ ಇದನ್ನು ಓದಿ.

ಶಹಾಪುರದ ಕಡೆ ಕಾಲುವೆ ಅಗೆಯುತ್ತಿದ್ದ ಕಾಲ. ನಾನು ಆ ಕೆಲಸದ ಕಚೇರಿಯಲ್ಲಿ ಗುಮಾಸ್ತ. ಅಕ್ಕನ ಮನೆ ದೋರನಹಳ್ಳಿಯಲ್ಲಿ. ಭಾವ ಕಾಲುವೆಗೆ ಕಬ್ಬಿಣದ ಗೇಟು ಕೂರಿಸುವವರ ಗುಂಪಿನಲ್ಲಿದ್ದ. ಯಂತ್ರ ಜೋಡಿಸಲು ಜರ್ಮನಿಯಿಂದ ಬಂದಿದ್ದ ಎಂಜಿನಿಯರನ್ನು ಒಂದು ಮಧ್ಯಾಹ್ನ ಭಾವ ಚಹಾಕ್ಕೆ ಕರೆತಂದ; ಮಾತು ತಿಳಿಸಲು ನಾನೂ ಜೊತೆಗಿದ್ದೆ. ಕಪ್ಪು ನೀಡಿದ ಅಕ್ಕನ ಕೈಯನ್ನು ಆತ ಬಗ್ಗಿ ನೋಡಿದ. ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದ. ಮುಚ್ಚಳದ ಮೇಲೆ ಅವನೂರಿನ ಲಾಂಛನವಿತ್ತು: ಗುರಾಣಿಯೊಳಗೆ ಮೂರು ಅಲೆ, ಅದರ ಮೇಲೆ ದೀಪ ಹಿಡಿದ ಕೈ. ಅಕ್ಕನ ಮುಂಗೈಯ ಹಚ್ಚೆಯೂ ಅದೇ.

“ನಾ ಸಣ್ಣಾಕಿದ್ದಾಗ ಹಚ್ಚಿ ಹಾಕಾಕಿ ಬಂದಿದ್ಲರಿ. ತುಳಸಿಕಟ್ಟಿ ಹಾಕಂದ್ರ ಇದನ್ನ ಹಾಕಿ ಹೋದ್ಲು,” ಎಂದಳು ಅಕ್ಕ.

ಭಾವ ನಕ್ಕ. “ಹಂಗಾರ ನಿನ್ನ ತವರುಮನಿ ಜರ್ಮನಿ ಅನ್ನು! ಪಂಚಮಿಗೆ ಕರಿಯಾಕ ಈ ಸಾಹೇಬನ ಬರಬೇಕು.”

ಸಾಹೇಬ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಹಿಂದೊಮ್ಮೆ ಅವರೂರಿನ ಹೊಳೆ ಉಕ್ಕಿ ದೋಣಿಯವರು ಕತ್ತಲಲ್ಲಿ ಸಿಕ್ಕಿಬಿದ್ದರಂತೆ. ಅವರಲ್ಲೊಬ್ಬನ ಹೆಂಡತಿ ದಂಡೆಯಲ್ಲಿ ದೀಪ ಹಿಡಿದು ನಿಂತಳಂತೆ. ಆ ಬೆಳಕು ನೋಡಿ ದಡ ಸೇರಿದವರು ಅವಳ ಕೈಯನ್ನೇ ಊರಿನ ಗುರುತು ಮಾಡಿಕೊಂಡರಂತೆ.

“ಆಕಿ ಗಂಡ ಬಂದ್ನೇನ್ರಿ?”

ಅಕ್ಕನ ಈ ಪ್ರಶ್ನೆಗೆ ಸಾಹೇಬ ಇಲ್ಲವೆಂದು ತಲೆಯಾಡಿಸಿದ್ದು ನನಗೆ ನೆನಪಿದೆ. ಕಥೆಯಲ್ಲಿ ಅದು ಬರುವುದಿಲ್ಲ ಎಂದು ಡಬ್ಬಿಯನ್ನು ಜೇಬಿಗಿಟ್ಟದ್ದೂ ನೆನಪಿದೆ. ಎರಡೂ ನಿಜವಾಗಿರಲಾರವು.

ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ಗೇಟಿಗೆ ಮರದ ದಿಮ್ಮಿ ಸಿಕ್ಕಿಕೊಂಡಿತು. ಬಿಡಿಸಲು ಮುಳುಗಿದ ಭಾವ ಮೇಲೆ ಬರಲಿಲ್ಲ. ಹೊತ್ತು ಮುಳುಗುತ್ತಿದ್ದಂತೆ ಅಕ್ಕ ಕಂದೀಲು ಎತ್ತಿ ಹಿಡಿದು ದಂಡೆಯಲ್ಲಿ ನಿಂತಳು. ಹುಡುಕಲು ಇಳಿದವರೆಲ್ಲ ಆ ಬೆಳಕಿನ ಗುರುತಿಗೆ ದಡ ಹತ್ತಿದರು. ಭಾವನ ಹೆಣ ಮರುದಿನ ಸಿಕ್ಕಿತು.

ಬಳೆ ಒಡೆದರು, ಕುಂಕುಮ ಅಳಿಸಿದರು. ಹಚ್ಚೆಯೊಂದೇ ಸತ್ತರೂ ಜೊತೆಗೆ ಬರುವ ಒಡವೆ ಎನ್ನುತ್ತಾರೆ ನಮ್ಮಲ್ಲಿ. ಬಳೆ ಒಡೆದ ಮುದುಕಿ ಆ ದೀಪದ ಮೇಲೆ ಬೆರಳಿಟ್ಟು, “ಇದನ್ನೇನ್ ಮಾಡ್ಲೆವ್ವಾ?” ಎಂದು ಅತ್ತಳು.

ಸಾಹೇಬ ಅಷ್ಟರಲ್ಲಿ ತನ್ನೂರಿಗೆ ಹೋಗಿದ್ದ. ಮದುವೆಯ ಫೋಟೋದಲ್ಲಿ ಅಕ್ಕನ ಆ ಕೈ ಸೆರಗಿನೊಳಗಿದೆ. ಆ ಹಚ್ಚೆ ನಿಜವಾಗಿಯೂ ಸಣ್ಣಂದಿನದೋ, ಆಮೇಲೆ ಹಾಕಿಸಿಕೊಂಡದ್ದೋ ಎಂದು ಎಷ್ಟೋ ವರ್ಷಗಳ ಮೇಲೆ ಅವಳನ್ನೇ ಕೇಳಿದೆ.

“ಅದನ್ನ ಬಿಡೋ ತಮ್ಮಾ,” ಎಂದಳು. “ಆಕಿ ಗಂಡ ಬಂದ್ನೋ ಇಲ್ಲೋ, ಅದನ್ನ ಹೇಳು.”