ಬಾಗಿಲ ಬಳಿಯ ಮಣೆ

ಕಳೆದ ವಾರ ಶ್ರೀರಾಂಪುರದ ನೆಂಟರ ಮನೆಯಲ್ಲಿ ಹಬ್ಬದ ಊಟಕ್ಕೆ ಕರೆದಿದ್ದರು. ನೆಲದ ಮೇಲೆ ಮಣೆ ಹಾಕಿದ್ದರು. ಅಡುಗೆಮನೆಯ ಬಾಗಿಲ ಪಕ್ಕದ ಮಣೆಯೊಂದು ಖಾಲಿ ಇತ್ತು. ಹಲಸಿನ ಮರದ್ದು, ಅಂಚು ಸವೆದದ್ದು... ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಟ್ಟೆ.

ಐವತ್ತರ ದಶಕದಲ್ಲಿ, ಪತ್ರಿಕೆಗೆ ಸೇರಿದ ಹೊಸತರಲ್ಲಿ, ಲಕ್ಷ್ಮೀಪುರದ ಒಬ್ಬ ತತ್ವಶಾಸ್ತ್ರದ ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಊಟವೂ ಅವರ ಜೊತೆಗೇ. ಅವರ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಉಳಿದವರು ಮೇಷ್ಟ್ರು ಮತ್ತು ಅವರ ಅತ್ತೆ; ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ.

ಅಂಥ ಮನೆಗಳಲ್ಲಿ ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಬಾಗಿಲ ಮರೆಯಿಂದ ಮಗಳಿಗೆ ಹೇಳುವುದು, ಮಗಳು ಗಂಡನಿಗೆ ಹೇಳುವುದು. ಮಗಳು ಹೋದ ಮೇಲೂ ಇಬ್ಬರೂ ಆ ಕ್ರಮ ಬಿಟ್ಟಿರಲಿಲ್ಲ. ಬಾಗಿಲ ಬಳಿ ಮಗಳು ಕೂರುತ್ತಿದ್ದ ಮಣೆ ಹಾಗೇ ಇತ್ತು.

"ಪುಟ್ಟೀ, ಸಾರು ಆರೋಗ್ತಾ ಇದೆ ಅಂತ ಅವರಿಗೆ ಹೇಳೇ," ಎನ್ನುವರು ಒಳಗಿನಿಂದ ಅಜ್ಜಿ, ಇಲ್ಲದ ಮಗಳನ್ನು ಕರೆದು.

"ಉಪ್ಪು ಮರೆತಿದಾರೆ ಅಂತ ನಿಮ್ಮಮ್ಮಂಗೆ ಹೇಳು. ನಿಂಗೂ ಇದನ್ನೇ ಕಲಿಸಿದ್ದು," ಎನ್ನುವರು ಮೇಷ್ಟ್ರು, ಮಣೆಯ ಕಡೆ ನೋಡುತ್ತ. ಒಳಗೆ ಸೌಟು ಜೋರಾಗಿ ಸದ್ದು ಮಾಡುತ್ತಿತ್ತು.

ಮೊದಲ ದಿನ ಅಲ್ಲಿ ಯಾರಿದ್ದಾರೆಂದು ಬಗ್ಗಿ ನೋಡಿದೆ. ಬರುಬರುತ್ತ ನಾನೂ ಆ ಮಣೆಯನ್ನು ದಾಟದೆ ಸುತ್ತಿಕೊಂಡು ಹೋಗತೊಡಗಿದೆ.

ಮೇಷ್ಟ್ರು ಕಾಲೇಜಿನಲ್ಲಿ ಪ್ರೀತಿಯ ಬಗೆಗಳನ್ನು ಪಾಠ ಮಾಡುತ್ತಿದ್ದರು. ತಾಯಿಯದು, ಗೆಳೆಯರದು, ಗಂಡ ಹೆಂಡಿರದು, ಭಕ್ತನದು. ಅತ್ತೆ ಅಳಿಯರದು ಯಾವುದು ಎಂದು ಒಮ್ಮೆ ಕೇಳಿದೆ.

"ಅದು ಸಿಲಬಸ್‌ನಲ್ಲಿಲ್ಲ ಕಣಯ್ಯ," ಎಂದು ನಕ್ಕರು. ಆಮೇಲೆ ಮೆಲ್ಲಗೆ, "ನಡುವೆ ಅವಳಿದಾಳೆ. ಅದಕ್ಕೇ ನಡೀತಿದೆ," ಎಂದರು.

ಒಂದು ಬೆಳಿಗ್ಗೆ ಅಜ್ಜಿಯ ಮಗ ಹುಣಸೂರಿನಿಂದ ಬಂದ. ಜಟಕಾ ಬಾಗಿಲಲ್ಲೇ ನಿಂತಿತ್ತು.

"ಮಗಳೇ ಇಲ್ದಿರೋ ಮನೇಲಿ ಇನ್ನೆಷ್ಟು ದಿನಾಂತ ಇರ್ತೀಯ? ಊರೋರು ಆಡ್ಕೊಂತಾವ್ರೆ. ನಡಿಯಮ್ಮ."

ಅಜ್ಜಿ ಬಟ್ಟೆಯ ಗಂಟು ಹಿಡಿದು ಮಣೆಯ ಹಿಂದೆ ನಿಂತರು. "ಪುಟ್ಟೀ, ಹೋಗ್ಲಾ ಅಂತ ಕೇಳೇ ಅವರನ್ನ."

"ಬೇಡ ಅಂತ ಹೇಳು," ಎಂದರು ಮೇಷ್ಟ್ರು ಮಣೆಗೆ.

ಮಗ ಕೆರಳಿದ. "ಯಾರಿಗೆ ಹೇಳ್ತಿದೀರಿ ಭಾವ? ಅಲ್ಯಾರವ್ರೆ? ಇರು ಅನ್ನೋ ಹಂಗಿದ್ರೆ ಅಮ್ಮಂಗೇ ಹೇಳಿ. ಇಲ್ದಿದ್ರೆ ಕರ್ಕೊಂಡು ಹೋಗ್ಬುಡ್ತೀನಿ."

ಮೇಷ್ಟ್ರು ಮಣೆಯನ್ನೇ ನೋಡುತ್ತಿದ್ದರು. ಆಮೇಲೆ ತಲೆಯೆತ್ತಿ ಅಜ್ಜಿಯ ಮುಖ ನೋಡಿದರು.

"ಅಮ್ಮಾ, ನೀವು ಇಲ್ಲೇ ಇರಿ."

ಅಜ್ಜಿ ಗಂಟು ಕೆಳಗಿಟ್ಟರು. "ಆಗಲಿ ಕಣಪ್ಪ," ಎಂದರು.

ಜಟಕಾದಲ್ಲಿ ಮಗ ಒಬ್ಬನೇ ಹಿಂತಿರುಗಿದ. ಅಂದೇ ಅಜ್ಜಿ ಆ ಮಣೆಯನ್ನೆತ್ತಿ ಗೋಡೆಗೆ ಒರಗಿಸಿದರು. "ಸಾರು ಹಾಕ್ಲಾ?" "ಹಾಕಿ." ಅಷ್ಟೇ ಮಾತು. ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಮುಂದೆ ಅವರಿಬ್ಬರೂ ತಾಯಿ ಮಗನಂತೆ ಬಾಳಿದರು. ಈಗ ಇಬ್ಬರೂ ಇಲ್ಲ. ಆದರೆ ಆ ದಿನದ ನಂತರ ಆ ಮನೆಯಲ್ಲಿ "ಪುಟ್ಟೀ" ಎಂಬ ಕರೆ ನನ್ನ ಕಿವಿಗೆ ಬೀಳಲಿಲ್ಲ. ನಾನು ಆ ಹೆಣ್ಣುಮಗಳನ್ನು ಕಂಡವನೇ ಅಲ್ಲ. ಆದರೂ ಆಕೆ ತೀರಿಕೊಂಡದ್ದು ಯಾವಾಗ ಎಂದು ಯಾರಾದರೂ ಕೇಳಿದರೆ, ಜಟಕಾ ಬಂದುಹೋದ ಆ ಬೆಳಿಗ್ಗೆಯೇ ನೆನಪಾಗುತ್ತದೆ.

"ಯಾಕೆ, ಉಪ್ಪು ಕಮ್ಮಿಯಾಯ್ತಾ?" ಎಂದು ಶ್ರೀರಾಂಪುರದ ಮನೆಯಾಕೆ ಕೇಳಿದರು. ಬಡಿಸಿ ಮುಗಿಸಿ, ಸೆರಗಿಗೆ ಕೈ ಒರಸಿಕೊಂಡು, ಬಾಗಿಲ ಬಳಿಯ ಮಣೆಯ ಮೇಲೆ ಕುಳಿತರು. ಅಲ್ಲಿ ಕೂರಬೇಡಿ ಎಂಬ ಮಾತು ಬಾಯಿಗೆ ಬಂತು, ತಡೆದುಕೊಂಡೆ.