ಎರಡು ಪರ್ಸೆಂಟಿನ ಜಂಬ

ಬ್ರಿಸ್ಬೇನಿನ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ನಾನು ಹುಳು ಕಾಯುತ್ತಿದ್ದೇನೆ. ಅಲ್ಪವಿರಾಮದಷ್ಟು ಗಾತ್ರದ ಹುಳುಗಳನ್ನು ತಂತಿಯ ತುದಿಯಲ್ಲಿ ಎತ್ತಿ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಬಿಡುವುದು ಕಸುಬು. ಹೆಸರು ಡೆನೀಸ್ ಪ್ರಿಚರ್ಡ್. ಓದಿದ್ದು ಡಿಪ್ಲೊಮಾ, ಮಾತು ಮಾತ್ರ ಪ್ರೊಫೆಸರರದು.

ಹೊಸ ವಿದ್ಯಾರ್ಥಿಗಳಿಗೆಲ್ಲ ನನ್ನ ಉಪನ್ಯಾಸ ಕಡ್ಡಾಯ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಿಗೆ ತಮ್ಮದೇ ಡಿಎನ್‌ಎ ಇದೆ, ತಾಯಿಯಿಂದ ಬಂದದ್ದು. ಅದರಲ್ಲಿ ಒಳ್ಳೆಯದರ ಜೊತೆ ಕೆಟ್ಟದ್ದೂ ಬೆರೆತಿರಬಹುದು. ಕೆಲವು ಅಂಗಾಂಶಗಳು ಕೆಟ್ಟದ್ದನ್ನು ಹುಡುಕಿ ಹೊರಹಾಕುತ್ತವೆ, ಕೆಲವು ಸುಮ್ಮನೆ ಬೆಳೆಯಲು ಬಿಡುತ್ತವೆ. ಆದ್ದರಿಂದ ಸ್ನಾಯು, ನರ, ಮೊಟ್ಟೆ ಎಲ್ಲವನ್ನೂ ಬೇರೆ ಬೇರೆ ಅಳೆಯಬೇಕು. ಒಂದನ್ನು ನೋಡಿ ಇಡೀ ಹುಳುವಿಗೆ ಸರ್ಟಿಫಿಕೇಟ್ ಕೊಟ್ಟವರನ್ನು ನಾನು ಬಯ್ಯದೆ ಬಿಟ್ಟಿಲ್ಲ.

ಹೋದ ವರ್ಷ ನನ್ನ ಅಕ್ಕ ವೆಂಡಿಗೆ ಮೈಟೊಕಾಂಡ್ರಿಯಾದ ಇಂಥ ಕೆಟ್ಟ ಡಿಎನ್‌ಎಯಿಂದ ಬರುವ ಕಾಯಿಲೆ ಇದೆ ಎಂದು ಗೊತ್ತಾಯಿತು. ನನ್ನ ಮಗಳು ಟ್ಯಾಮ್ಸಿನ್ ಆಗಷ್ಟೇ ಮಗುವಿನ ಯೋಚನೆಯಲ್ಲಿದ್ದಳು. ನಮ್ಮಮ್ಮನಿಂದ ಅದು ನನಗೂ ಬಂದಿದ್ದರೆ ಅವಳಿಗೂ, ಅವಳಿಂದ ಮಗುವಿಗೂ ಹೋಗಬಹುದು. ರಕ್ತ ಕೊಟ್ಟೆ. ಕೆಟ್ಟದ್ದು ಎರಡೇ ಪರ್ಸೆಂಟ್ ಎಂದು ಬಂತು. ಮೂತ್ರವನ್ನೂ ನೋಡೋಣ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಕೈಚೀಲದಲ್ಲೇ ಉಳಿಯಿತು. ಸಂಭ್ರಮದಲ್ಲಿ ನಾನು ಲ್ಯಾಬಿಗೆಲ್ಲ ಲ್ಯಾಮಿಂಗ್ಟನ್ ಕೇಕ್ ಹಂಚಿದೆ, ಇನ್ನು ಹೆದರಬೇಡ ಎಂದು ಮಗಳಿಗೂ ಹೇಳಿದೆ. ನನ್ನ ಕಿವಿ ಮಂದವಾಗಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಎರಡೂ ಈ ಕಾಯಿಲೆಯ ಲಕ್ಷಣಗಳೇ. ನಾನು ಮಾತ್ರ ಒಂದಕ್ಕೆ ಯಂತ್ರಗಳ ಗದ್ದಲವನ್ನೂ ಇನ್ನೊಂದಕ್ಕೆ ಕೇಕನ್ನೂ ದೂರುತ್ತಿದ್ದೆ.

ಟ್ಯಾಮ್ಸಿನ್ ಗಣಿತದ ಟೀಚರ್, ಸುಲಭಕ್ಕೆ ನಂಬುವವಳಲ್ಲ. ಭಾನುವಾರ ಊಟಕ್ಕೆ ಬಂದವಳು ಫೋರ್ಕ್ ಕೆಳಗಿಟ್ಟು ಕೇಳಿದಳು:

"ಅಮ್ಮ, ಹುಳದಲ್ಲಾದ್ರೆ ಎಲ್ಲೆಲ್ಲಿ ನೋಡ್ತೀಯ?"

"ಒಂದೊಂದು ಭಾಗಾನೂ ಬೇರೆ ಬೇರೆ ನೋಡ್ಬೇಕು."

"ಮತ್ತೆ ನಿನ್ನಲ್ಲಿ?"

ಎದ್ದು ಕೈಚೀಲದಿಂದ ಡಾಕ್ಟರ ಚೀಟಿ ಹೊರತೆಗೆದೆ. ವಯಸ್ಸಾದಂತೆ ರಕ್ತ ಇದನ್ನು ತೊಳೆದುಕೊಳ್ಳುತ್ತಾ ಹೋಗುತ್ತದೆ, ಸ್ನಾಯು, ಮೂತ್ರದಲ್ಲಿ ಬರುವ ಕೋಶಗಳು ಹಾಗಲ್ಲ ಎಂದು ಹಿಂದಿನ ವಾರವಷ್ಟೇ ಒಬ್ಬ ವಿದ್ಯಾರ್ಥಿನಿಯ ತಲೆ ತಿಂದಿದ್ದೆ.

ಸೋಮವಾರ ಮೂತ್ರ ಕೊಟ್ಟೆ. ಐವತ್ತೆಂಟು ಪರ್ಸೆಂಟ್ ಎಂದು ಬಂತು. ನನಗಿದೆ ಎಂಬ ಭಯಕ್ಕಿಂತ, ಅವಳಿಗೆ ಹೆದರಬೇಡ ಎಂದಿದ್ದೆನಲ್ಲ ಎಂಬ ನಾಚಿಕೆಯೇ ಹೆಚ್ಚಾಯಿತು. ಮಗಳಿಗೆ ಫೋನ್ ಮಾಡಿ ಅಳುತ್ತಾ ತಪ್ಪಾಯಿತು ಎಂದೆ. ಅಷ್ಟಕ್ಕೇ ಸುಮ್ಮನಿರದೆ, ಒಂದೊಂದು ಅಂಡಾಣುವಿಗೂ ಬೇರೆ ಬೇರೆ ಪಾಲು ಸಿಕ್ಕಿರುತ್ತದೆ ಎಂದು ಉಪನ್ಯಾಸವನ್ನೂ ಶುರುಮಾಡಿದೆ.

"ಸಾಕಮ್ಮ," ಎಂದಳು ಟ್ಯಾಮ್ಸಿನ್. "ನಾನೂ ಟೆಸ್ಟ್ ಮಾಡಿಸ್ತೀನಿ. ರಿಸಲ್ಟ್ ದಿನ ನೀನು ಬಂದು ನನ್ನ ಪಕ್ಕ ಕೂತ್ಕೋ. ಓದಿ ಹೇಳೋದು ಮಾತ್ರ ಡಾಕ್ಟ್ರೇ ಹೇಳ್ಲಿ."

ಆಗಲಿ ಎಂದೆ. ಅದರ ಮುಂದೆ ಒಂದು ಪದವನ್ನೂ ಸೇರಿಸಲಿಲ್ಲ.